ಲಾರಿಯ ಮುಂದಿನ ಆಕ್ಸಲ್ ಬದಲಿಸುವಾಗ ಬಿಡಿಭಾಗ ತಾಳೆಯಾಗದಿದ್ದರೆ: ಅಳತೆಯಿಂದ ರಸ್ತೆ ಪರೀಕ್ಷೆಯವರೆಗೆ

ಬೈಕಂಪಾಡಿಯಿಂದ ಕುಂದಾಪುರದವರೆಗೆ ಲಾರಿ ಗ್ಯಾರೇಜುಗಳಲ್ಲಿ ಒಂದೇ ತಪ್ಪು ಮತ್ತೆ ಮತ್ತೆ ಆಗುತ್ತಿದೆ. ಮುಂದಿನ ಬೀಮ್ (ಆಕ್ಸಲಿನ ಮುಖ್ಯ ಅಡ್ಡ ತೊಲೆ) ಬಗ್ಗಿದೆ ಎಂದು ಗುಜರಿಯಿಂದ ಇನ್ನೊಂದು ಆಕ್ಸಲ್ ತರುತ್ತಾರೆ. ಬಂದದ್ದೇ ತಡ, ಹಳೆಯದನ್ನು ಬಿಚ್ಚಿ ಬದಿಗೆ ಎಸೆಯುತ್ತಾರೆ. ಹೊಸದು ಅರ್ಧ ಏರಿದ ಮೇಲೆ ಸ್ಟಿಯರಿಂಗಿನಿಂದ ಆಕ್ಸಲಿಗೆ ಬರುವ ಸರಳು, ಅಂದರೆ ಡ್ರ್ಯಾಗ್ ಲಿಂಕ್ ಕೂರುವುದಿಲ್ಲ, ಸ್ಪ್ರಿಂಗ್ ಪ್ಲೇಟುಗಳನ್ನು ಪೋಣಿಸುವ ಸೆಂಟರ್ ಬೋಲ್ಟ್ ತೂತಿನಲ್ಲಿ ಆಡುತ್ತದೆ, ಚಕ್ರ ಸ್ಟಡ್‌ಗೆ ಹೋಗುವುದಿಲ್ಲ. ಅಷ್ಟರಲ್ಲಿ ಬಾಡಿಗೆ ತಪ್ಪುತ್ತಿದೆ ಎಂಬ ಗಡಿಬಿಡಿ. "ಲೇತಿಗೆ ಕೊಟ್ಟು ಸರಿ ಮಾಡುವ" ಎಂದು ಹೊರಡುವುದು ಅಲ್ಲಿಂದ.

ಮೊದಲು ಒಂದು ವಿಷಯ ಗಟ್ಟಿ ಮಾಡಿಕೊಳ್ಳಿ. ಆಕ್ಸಲ್ ಗಾಡಿಗೆ ಕೂಡುವುದು ಆರು ಕಡೆ ಮಾತ್ರ: ಸ್ಪ್ರಿಂಗ್ ಪ್ಯಾಡ್ (ಬೀಮಿನ ಮೇಲೆ ಸ್ಪ್ರಿಂಗ್ ಕೂರುವ ಚಪ್ಪಟೆ ಜಾಗ), ಶಾಕ್ ಅಬ್ಸಾರ್ಬರ್ ಬ್ರಾಕೆಟ್, ಡ್ರ್ಯಾಗ್ ಲಿಂಕ್, ಬ್ರೇಕಿನ ಗಾಳಿ ಹೋಸ್, ಎಬಿಎಸ್ (ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ವ್ಯವಸ್ಥೆ) ವೈರ್, ಚಕ್ರ. ಈ ಆರು ಕಡೆ ಬರುವ ವ್ಯತ್ಯಾಸಗಳಲ್ಲಿ ಹೆಚ್ಚಿನವನ್ನು ಸರಿಯಾದ ಭಾಗ ತಂದು ಪರಿಹರಿಸಬಹುದು. ಆಕ್ಸಲ್‌ನ ಒಳಗೆ, ಅಂದರೆ ಬೀಮ್, ಕಿಂಗ್ ಪಿನ್ (ಚಕ್ರ ಎಡಬಲಕ್ಕೆ ತಿರುಗಲು ಆಧಾರವಾದ ಗೂಟ), ಸ್ಟಬ್ (ಹಬ್ ಕೂರುವ ಗಿಡ್ಡ ಶಾಫ್ಟ್), ಹಬ್, ಡ್ರಮ್, ಟೈ ರಾಡ್ (ಎರಡು ಬದಿಯ ಚಕ್ರಗಳನ್ನು ಜೋಡಿಸುವ ಸರಳು) ಇವುಗಳಲ್ಲಿ ಒಂದು ಗಾಡಿಯದ್ದನ್ನು ಇನ್ನೊಂದಕ್ಕೆ ಬೆರೆಸಬೇಡಿ. ಬೀಮ್ ಒಂದರದ್ದು, ಸ್ಟಬ್ ಇನ್ನೊಂದರದ್ದು, ಹಬ್ ಮತ್ತೊಂದರದ್ದು ಎಂದಾದರೆ ಯಾವ ಅಳತೆಯನ್ನೂ ನಂಬುವಂತಿಲ್ಲ. ಗುಜರಿಯಲ್ಲಿ ಆಕ್ಸಲ್ ತೆಗೆದುಕೊಳ್ಳುವಾಗ ಡ್ರಮ್ಮಿನಿಂದ ಡ್ರಮ್ಮಿನವರೆಗೆ ಪೂರ್ತಿ ಸೆಟ್ಟನ್ನೇ ಕೇಳಿ, ಸಾಧ್ಯವಾದರೆ ಅದರದ್ದೇ ಡ್ರ್ಯಾಗ್ ಲಿಂಕ್ ಸಮೇತ.

## ಬೇಕಾದ ಸಾಮಾನು

ಕನಿಷ್ಠ 10 ಟನ್ನಿನ ಎರಡು ಜ್ಯಾಕ್, ಚಾಸಿಗೆ ಕೊಡಲು ಗಟ್ಟಿ ಸ್ಟ್ಯಾಂಡ್‌ಗಳು, ಆಕ್ಸಲ್ ಏರಿಸಲು ಚೈನ್ ಬ್ಲಾಕ್ ಅಥವಾ ಟ್ರಾಲಿ ಜ್ಯಾಕ್. ಹಬ್, ಡ್ರಮ್ ಸಮೇತ ಭಾರಿ ಲಾರಿಯ ಮುಂದಿನ ಆಕ್ಸಲ್ 400 ಕಿಲೋ ಮೀರಬಹುದು. ನಾಲ್ಕು ಜನ ಎತ್ತಿ ಹಿಡಿಯುವ ಕೆಲಸವಲ್ಲ. ಅಳತೆಗೆ 300 ಎಂಎಂ ವರ್ನಿಯರ್, ಟೇಪು, ಫೀಲರ್ ಗೇಜ್, ಡಯಲ್ ಗೇಜ್, ಕೋನ ತೋರಿಸುವ ಡಿಜಿಟಲ್ ಮಟ್ಟ, ಎರಡು ನೇರ ಕಬ್ಬಿಣದ ಪಟ್ಟಿ, ದಾರ. ಜೊತೆಗೆ ಟಾರ್ಕ್ ವ್ರೆಂಚ್, ಪ್ರಷ್ಯನ್ ಬ್ಲೂ (ಲೋಹ ಎಲ್ಲಿ ತಾಗಿದೆ ಎಂದು ತೋರಿಸುವ ನೀಲಿ ಬಣ್ಣ) ಮತ್ತು ಬಿರುಕು ನೋಡುವ ಡೈ ಸ್ಪ್ರೇಯ ಮೂರು ಡಬ್ಬಿ.

ಮಳೆಗಾಲದಲ್ಲಿ ಮುರಮಣ್ಣಿನ ಅಂಗಳದಲ್ಲಿ ಈ ಕೆಲಸ ಬೇಡ. ಒಣಗಿದ ಹಾಗೆ ಕಾಣುವ ಕೆಂಪು ನೆಲವೂ ಜ್ಯಾಕಿನ ಕೆಳಗೆ ನಿಧಾನಕ್ಕೆ ಕುಸಿಯುತ್ತದೆ. ಕಾಂಕ್ರೀಟ್ ನೆಲ ಇಲ್ಲದಿದ್ದರೆ ಪ್ರತಿ ಸ್ಟ್ಯಾಂಡಿನ ಅಡಿಗೆ ದಪ್ಪ ಉಕ್ಕಿನ ತಗಡು ಹಾಕಿ.

## ಹಂತ 1: ಹಳೆಯದು ಗಾಡಿಯಲ್ಲಿರುವಾಗಲೇ ಅಳತೆ

ಹಳೆಯ ಆಕ್ಸಲ್ ಬಿಚ್ಚಿದ ಮೇಲೆ ಗಾಡಿಯ ಅರ್ಧ ಮಾಹಿತಿ ಕಳೆದುಹೋಗುತ್ತದೆ. ಆದ್ದರಿಂದ ಒಂದು ಹಾಳೆಯಲ್ಲಿ ಎರಡು ಸಾಲು ಮಾಡಿ, ಹಳೆಯದರದ್ದು ಒಂದರಲ್ಲಿ, ತಂದದ್ದರದ್ದು ಇನ್ನೊಂದರಲ್ಲಿ ಬರೆಯಿರಿ:

1. ಎರಡು ಸ್ಪ್ರಿಂಗ್ ಪ್ಯಾಡುಗಳ ಮಧ್ಯದಿಂದ ಮಧ್ಯಕ್ಕೆ ದೂರ.
2. ಪ್ಯಾಡಿನ ಅಗಲ ಮತ್ತು ಪ್ಲೇಟ್ ಸೆಟ್ಟಿನ ಅಗಲ. ನಮ್ಮ ಲಾರಿಗಳಲ್ಲಿ 70, 80, 90 ಎಂಎಂ ಪ್ಲೇಟ್‌ಗಳು ಬರುತ್ತವೆ.
3. ಸೆಂಟರ್ ಬೋಲ್ಟ್ ಕೂರುವ ತೂತಿನ ವ್ಯಾಸ. ಅದು ಬೀಮಿನ ನಡುಗೆರೆಯ ಮೇಲಿದೆಯೋ, ಹಿಂದೆ ಮುಂದೆ ಸರಿದಿದೆಯೋ.
4. ಬೀಮಿನ ಇಳಿತ: ಎರಡು ಪ್ಯಾಡ್‌ಗಳ ಮಟ್ಟಕ್ಕೂ ಸ್ಟಬ್ಬಿನ ಮಧ್ಯಕ್ಕೂ ಇರುವ ಎತ್ತರದ ವ್ಯತ್ಯಾಸ.
5. ಕಿಂಗ್ ಪಿನ್‌ನಿಂದ ಕಿಂಗ್ ಪಿನ್‌ಗೆ, ಹಬ್ ಮುಖದಿಂದ ಹಬ್ ಮುಖಕ್ಕೆ ದೂರ.
6. ಸ್ಟಿಯರಿಂಗ್ ಆರ್ಮ್ (ಸ್ಟಬ್ಬಿನಿಂದ ಡ್ರ್ಯಾಗ್ ಲಿಂಕಿಗೆ ಚಾಚುವ ತೋಳು): ಕಿಂಗ್ ಪಿನ್ ಮಧ್ಯದಿಂದ ಬಾಲ್ ತೂತಿನ ಮಧ್ಯಕ್ಕೆ ಉದ್ದ, ಪ್ಯಾಡಿನಿಂದ ಎತ್ತರ.
7. ಬ್ರೇಕ್ ಚೇಂಬರಿನ (ಗಾಳಿಯಿಂದ ಬ್ರೇಕ್ ತಳ್ಳುವ ಡಬ್ಬಿ) ನಂಬರು; ಚೇಂಬರಿನ ತಳ್ಳುವಿಕೆಯನ್ನು ಎಸ್ ಕ್ಯಾಮಿಗೆ (ಲೈನರನ್ನು ಡ್ರಮ್ಮಿಗೆ ಒತ್ತುವ ಶಾಫ್ಟ್) ಮುಟ್ಟಿಸುವ ಸ್ಲ್ಯಾಕ್ ಅಡ್ಜಸ್ಟರ್ ತೋಳಿನ, ಎಸ್ ಕ್ಯಾಮ್ ಮಧ್ಯದಿಂದ ಪಿನ್ ತೂತಿಗೆ ಉದ್ದ.
8. ಸ್ಟಡ್ ಎಷ್ಟು, ಅವುಗಳ ವೃತ್ತದ ವ್ಯಾಸ ಎಷ್ಟು, ಹಲ್ಲು (ಥ್ರೆಡ್) ಯಾವುದು.

ಸ್ಟಡ್ ವೃತ್ತ ಅಳೆಯಲು ಎದುರುಬದುರಿನ ಎರಡು ಸ್ಟಡ್ ಹಿಡಿಯಿರಿ. ಒಂದರ ಒಳ ಅಂಚಿನಿಂದ ಇನ್ನೊಂದರ ಹೊರ ಅಂಚಿಗೆ ಅಳೆದರೆ ಸರಿಯಾದ ಅಂಕೆಯೇ ಸಿಗುತ್ತದೆ. 10 ಸ್ಟಡ್ ಎಂದ ಮಾತ್ರಕ್ಕೆ ತಾಳೆಯಾಯಿತು ಎನ್ನಬೇಡಿ: 10 ಸ್ಟಡ್‌ನಲ್ಲಿ 335 ಎಂಎಂ ವೃತ್ತವೂ ಇದೆ, 285.75 ಎಂಎಂ ವೃತ್ತವೂ ಇದೆ. 8 ಸ್ಟಡ್‌ನಲ್ಲಿ ಹೆಚ್ಚಾಗಿ ಕಾಣುವುದು 275.

ಬೀಮಿನ ಮೈಮೇಲೆ ಉಬ್ಬಿ ಕಾಣುವ ಪಾರ್ಟ್ ನಂಬರನ್ನು ವೈರ್ ಬ್ರಷ್ಷಿನಿಂದ ತಿಕ್ಕಿ ಓದಿ, ಫೋಟೋ ತೆಗೆದಿಡಿ. ಕಡಿಮೆ ಭಾರದ ಗಾಡಿಯ ಬೀಮ್ ಎಷ್ಟೇ ಚೆನ್ನಾಗಿ ಕೂತರೂ ಹೆಚ್ಚು ಭಾರದ ಗಾಡಿಗೆ ಹಾಕಬಾರದು. ಕಂಪನಿ ಕೊಟ್ಟ ವಿವರಕ್ಕೆ ವಿರುದ್ಧವಾದ ಬದಲಾವಣೆಯನ್ನು ಮೋಟಾರು ವಾಹನ ಕಾಯ್ದೆ 1988ರ 52ನೇ ಸೆಕ್ಷನ್ ತಡೆಯುತ್ತದೆ ಎಂಬುದೂ ನೆನಪಿರಲಿ; ಎಫ್‌ಸಿಗೆ (ಫಿಟ್‌ನೆಸ್ ಸರ್ಟಿಫಿಕೇಟಿಗೆ) ಹೋದಾಗ ಉತ್ತರ ಹೇಳಬೇಕಾದವರು ಮಾಲೀಕರು.

## ಹಂತ 2: ತಂದ ಆಕ್ಸಲನ್ನು ನೆಲದ ಮೇಲೆ ಪರೀಕ್ಷಿಸುವುದು

ತಿರುಚು. ಎರಡು ಪ್ಯಾಡ್‌ಗಳನ್ನು ಲೋಹ ಕಾಣುವವರೆಗೆ ತಿಕ್ಕಿ. ಗಾಡಿಯ ಉದ್ದದ ದಿಕ್ಕಿಗೆ ಒಂದೊಂದು ಪ್ಯಾಡಿನ ಮೇಲೆ ಒಂದೊಂದು ನೇರ ಪಟ್ಟಿ ಇಟ್ಟು ಬದಿಯಿಂದ ಒಂದೇ ಕಣ್ಣಲ್ಲಿ ನೋಡಿ. ಎರಡೂ ಅಂಚು ಒಂದರ ಮೇಲೊಂದು ಕೂಡಬೇಕು. ಡಿಜಿಟಲ್ ಮಟ್ಟ ಇಟ್ಟರೆ ಎರಡರ ನಡುವೆ ಅರ್ಧ ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬರಬಾರದು.

ಬಾಗು. ಎರಡು ಕಿಂಗ್ ಪಿನ್ ತೂತುಗಳ ಮಧ್ಯಕ್ಕೆ ದಾರ ಎಳೆದು ಕಟ್ಟಿ. ಎರಡೂ ಪ್ಯಾಡಿನ ಸೆಂಟರ್ ತೂತಿನಿಂದ ದಾರ ಸಮ ದೂರದಲ್ಲಿರಬೇಕು. ಒಂದು ಕಡೆ ಹೆಚ್ಚು, ಒಂದು ಕಡೆ ಕಡಿಮೆ ಇದ್ದರೆ ಆ ಬೀಮ್ ಹೊಡೆತ ತಿಂದದ್ದು. ಗ್ಯಾಸ್ ಕಟ್ಟರಿನಲ್ಲಿ ಕಾಯಿಸಿ ನೇರ ಮಾಡಲು ಹೋಗಬೇಡಿ, ವೆಲ್ಡಿಂಗಂತೂ ಬೇಡವೇ ಬೇಡ. ಫೋರ್ಜ್ ಮಾಡಿ ಹದ ಹಾಕಿದ ಉಕ್ಕು ಕಾದಲ್ಲಿ ಮೆತ್ತಗಾಗುತ್ತದೆ, ಮೆತ್ತಗಾದಲ್ಲಿ ಮತ್ತೆ ಬಗ್ಗುತ್ತದೆ ಅಥವಾ ಮುರಿಯುತ್ತದೆ. ವಾಪಸು ಕೊಟ್ಟುಬಿಡಿ.

ಬಿರುಕು. ಪ್ಯಾಡಿನ ಅಂಚು, ಕಿಂಗ್ ಪಿನ್ ಕಣ್ಣಿನ ಸುತ್ತ, ಸ್ಟಬ್ಬಿನ ಬುಡದ ದುಂಡು ತಿರುವು ಈ ಮೂರು ಕಡೆ ಡೈ ಸ್ಪ್ರೇ ಹಾಕಿ. ಕೆಂಪು ಬಣ್ಣ 10–15 ನಿಮಿಷ ಇಂಗಲಿ, ಒರೆಸಿ, ಬಿಳಿ ಪುಡಿ ಸ್ಪ್ರೇ ಮಾಡಿ. ಬಿಳಿಯ ಮೇಲೆ ಕೂದಲಿನಂಥ ಕೆಂಪು ಗೆರೆ ಎದ್ದರೆ ಅದು ಬಿರುಕು.

ಉಪ್ಪಿನ ತುಕ್ಕು. ಮಲ್ಪೆ, ಬಂದರು ದಕ್ಕೆಯಿಂದ ಮೀನು ಸಾಗಿಸಿದ ಗಾಡಿಗಳ ಆಕ್ಸಲ್ ಕರಾವಳಿಯ ಗುಜರಿಗಳಿಗೆ ಬರುವುದುಂಟು. ಐಸ್ ಕರಗಿದ ಉಪ್ಪು ನೀರು, ಸ್ಪ್ರಿಂಗನ್ನು ಬೀಮಿಗೆ ಬಿಗಿಯುವ ಯು ಬೋಲ್ಟಿನ ಸಂದಿನಲ್ಲಿ ನಿಂತು ಪ್ಯಾಡಿನ ಬದಿಯನ್ನು ಕೊರೆಯುತ್ತದೆ. ಮೇಲಿನ ಪೇಂಟು ಹೊಸದಾಗಿ ಹೊಳೆಯುತ್ತಿದ್ದರೆ ಇನ್ನೂ ಜಾಸ್ತಿ ಅನುಮಾನ ಪಡಿ. ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗುಳಿಗಳಿದ್ದರೆ ಬಿರುಕು ಹುಟ್ಟುವುದು ಅಲ್ಲಿಂದಲೇ.

## ಹಂತ 3: ತಾಳೆಯಾಗದ್ದನ್ನು ಒಂದೊಂದಾಗಿ ಬಗೆಹರಿಸುವುದು

ಹಾಳೆಯ ಎರಡು ಸಾಲುಗಳನ್ನು ಪಕ್ಕಪಕ್ಕ ಇಟ್ಟು ನೋಡಿ. ಡ್ರ್ಯಾಗ್ ಲಿಂಕಿನ ಪಿನ್ ತಾಳೆ ನೋಡಲು ಬಿಚ್ಚುವುದೊಂದನ್ನು ಬಿಟ್ಟರೆ, ಈ ಹಂತ ಮುಗಿಯುವ ತನಕ ಗಾಡಿಯ ಒಂದು ನಟ್ಟನ್ನೂ ಸಡಿಲಿಸಬೇಡಿ.

### ಸ್ಪ್ರಿಂಗ್ ಪ್ಯಾಡ್

ಪ್ಯಾಡುಗಳ ನಡುವಿನ ದೂರ ಅಥವಾ ಪ್ಯಾಡಿನ ಅಗಲ ಬೇರೆಯಾದರೆ ಪರಿಹಾರ ಇಲ್ಲ. ಬೀಮ್ ಬೇರೆ ಹುಡುಕಬೇಕು. 90ರ ಪ್ಯಾಡಿಗೆ 80ರ ಪ್ಲೇಟ್ ಇಟ್ಟು ಯು ಬೋಲ್ಟ್ ಬಿಗಿದರೆ ಎರಡೂ ಬದಿ 5 ಎಂಎಂ ಸಂದು ಉಳಿಯುತ್ತದೆ, ತಿರುವುಗಳಲ್ಲಿ ಪ್ಲೇಟ್ ಆ ಸಂದಿಗೆ ಜಾರುತ್ತದೆ.

ಸೆಂಟರ್ ಬೋಲ್ಟಿನ ತಲೆ ತೂತಿಗಿಂತ ಸಣ್ಣದಿದ್ದರೆ ಸರಿಯಾದ ತಲೆಯ ಸೆಂಟರ್ ಬೋಲ್ಟ್ ಹಾಕಿ. ಸಿಗದಿದ್ದರೆ ತೂತಿಗೂ ತಲೆಗೂ ಬಿಗಿಯಾಗಿ ಕೂರುವ ಉಕ್ಕಿನ ಬುಶ್ ಲೇತಿನಲ್ಲಿ ಮಾಡಿಸಿ. ಯು ಬೋಲ್ಟ್ ಬಿಗಿ ಇದ್ದರೆ ಸಾಕು ಎಂದು ಬಿಟ್ಟರೆ ಮೊದಲ ಜೋರು ಬ್ರೇಕಿಗೆ ಆಕ್ಸಲಿನ ಒಂದು ಬದಿ ಹಿಂದೆ ಸರಿಯುತ್ತದೆ.

ಬೀಮಿನ ಇಳಿತ ಹಳೆಯದಕ್ಕಿಂತ ಹೆಚ್ಚಿದ್ದರೆ ಎರಡೂ ಬದಿಗೆ ಒಂದೇ ದಪ್ಪದ, ಒಂದೇ ತುಂಡಿನ ಉಕ್ಕಿನ ಪ್ಯಾಕಿಂಗ್ ಕೊಡಬಹುದು. ಅದಕ್ಕೂ ಮೇಲೊಂದು ತೂತು, ಕೆಳಗೊಂದು ಗೂಟ ಇರಬೇಕು. ತಗಡುಗಳನ್ನು ಒಂದರ ಮೇಲೊಂದು ಪೇರಿಸಿದರೆ ಅವು ತಿಕ್ಕಾಡಿ ತೆಳುವಾಗುತ್ತವೆ, ಯು ಬೋಲ್ಟ್ ಸಡಿಲವಾಗುತ್ತದೆ.

ಕ್ಯಾಸ್ಟರ್ (ಕಿಂಗ್ ಪಿನ್ ಹಿಂದಕ್ಕೆ ವಾಲುವ ಕೋನ) ಹೊಂದಿಸುವ ಓರೆ ತುಂಡು, ಅಂದರೆ ಕ್ಯಾಸ್ಟರ್ ವೆಜ್ ಇದ್ದ ಗಾಡಿಯಾದರೆ ಅದರ ದಿಕ್ಕು ಗುರುತು ಹಾಕಿಕೊಳ್ಳಿ. ಸ್ಪ್ರಿಂಗಿನ ಕೆಳಗೆ ಆಕ್ಸಲ್ ಇರುವ ಗಾಡಿಯಲ್ಲಿ ವೆಜ್ಜಿನ ದಪ್ಪ ತುದಿ ಹಿಂದಕ್ಕೆ ಬಂದರೆ ಕಿಂಗ್ ಪಿನ್ನಿನ ತಲೆ ಹಿಂದಕ್ಕೆ ವಾಲುತ್ತದೆ, ಕ್ಯಾಸ್ಟರ್ ಹೆಚ್ಚುತ್ತದೆ. ಒಂದು ಬದಿ ಮುಂದಕ್ಕೆ, ಒಂದು ಬದಿ ಹಿಂದಕ್ಕೆ ಹಾಕಿ ಯು ಬೋಲ್ಟ್ ಎಳೆದರೆ ಬೀಮನ್ನೇ ತಿರುಚಿದಂತಾಗುತ್ತದೆ.

### ಸ್ಟಿಯರಿಂಗ್

ಹೆಚ್ಚು ಎಚ್ಚರ ಬೇಕಾದದ್ದು ಇಲ್ಲಿ, ಏಕೆಂದರೆ ತಪ್ಪು ಭಾಗವೂ ಕೈಗೆ ಸರಿಯಾಗಿಯೇ ಕೂತಂತೆ ಅನಿಸುತ್ತದೆ.

ಡ್ರ್ಯಾಗ್ ಲಿಂಕಿನ ಬಾಲ್ ಪಿನ್ ಓರೆಯಾಗಿ ಕಿರಿದಾಗುತ್ತಾ ಹೋಗುತ್ತದೆ. ಈ ಟೇಪರ್ ಕೆಲವು ಗಾಡಿಗಳಲ್ಲಿ 1:8, ಕೆಲವದರಲ್ಲಿ 1:10. ಪಿನ್ನಿಗೆ ತೆಳ್ಳಗೆ ಪ್ರಷ್ಯನ್ ಬ್ಲೂ ಸವರಿ, ಆರ್ಮಿನ ತೂತಿಗೆ ಕೈಯಲ್ಲಿ ಒತ್ತಿ, ತಿರುಗಿಸದೆ ಹೊರತೆಗೆಯಿರಿ. ತೂತಿನ ಉದ್ದಕ್ಕೂ ನೀಲಿ ಹತ್ತಿದ್ದರೆ ತಾಳೆ. ಮೇಲೊಂದು ಅಥವಾ ಕೆಳಗೊಂದು ಉಂಗುರದಷ್ಟೇ ಹತ್ತಿದ್ದರೆ ಟೇಪರ್ ಬೇರೆ. ಅದರ ಮೇಲೆ ನಟ್ಟು ಎಷ್ಟೇ ಬಿಗಿದರೂ ಪಿನ್ ಒಳಗೆ ಅಲುಗಾಡುತ್ತದೆ, ಕೊನೆಗೆ ಕತ್ತಿನಲ್ಲಿ ಮುರಿಯುತ್ತದೆ. ಆ ಕ್ಷಣ ಸ್ಟಿಯರಿಂಗ್ ಕೈಯಲ್ಲಿರುತ್ತದೆ, ಚಕ್ರ ಇರುವುದಿಲ್ಲ.

ಇದಕ್ಕೆ ಎರಡೇ ದಾರಿ. ಒಂದು ತುದಿ ಗಾಡಿಯ ಡ್ರಾಪ್ ಆರ್ಮಿಗೆ (ಸ್ಟಿಯರಿಂಗ್ ಬಾಕ್ಸಿನಿಂದ ಇಳಿಯುವ ತೋಳು), ಇನ್ನೊಂದು ತುದಿ ತಂದ ಆಕ್ಸಲಿನ ಆರ್ಮಿಗೆ ಕೂರುವ, ಉದ್ದವೂ ಸರಿಯಿರುವ ಡ್ರ್ಯಾಗ್ ಲಿಂಕ್ ಹುಡುಕುವುದು. ಇಲ್ಲವೇ ಬಿಡಿಯಾಗಿ ಬರುವ ಸ್ಟಿಯರಿಂಗ್ ಆರ್ಮ್ ಆಗಿದ್ದು, ಸ್ಟಬ್ಬಿನ ತೂತು ಮತ್ತು ಕೀ ಒಂದೇ ಆಗಿದ್ದರೆ ಗಾಡಿಯ ಹಳೆಯ ಆರ್ಮನ್ನೇ ಹಾಕುವುದು. ಆರು ಕೂಡುಜಾಗಗಳ ನಿಯಮಕ್ಕೆ ನಾವು ಕೊಡುವ ವಿನಾಯಿತಿ ಇದೊಂದೇ. ತೂತು ದೊಡ್ಡದು ಮಾಡಿ ಸ್ಲೀವ್ ಹಾಕುವುದು, ಡ್ರ್ಯಾಗ್ ಲಿಂಕ್ ಕತ್ತರಿಸಿ ವೆಲ್ಡ್ ಮಾಡುವುದು ಎರಡೂ ಜೀವಕ್ಕೆ ಅಪಾಯ.

ಆರ್ಮಿನ ಉದ್ದ ಕಡಿಮೆಯಾದರೆ ಅಷ್ಟೇ ಸ್ಟಿಯರಿಂಗಿಗೆ ಚಕ್ರ ಹೆಚ್ಚು ತಿರುಗುತ್ತದೆ, ಉದ್ದ ಹೆಚ್ಚಾದರೆ ಪೂರ್ತಿ ತಿರುಗುವುದಿಲ್ಲ. ಎತ್ತರ ಬೇರೆಯಾದರೆ ಡ್ರ್ಯಾಗ್ ಲಿಂಕ್ ಓರೆಯಾಗಿ, ಹೊಂಡಕ್ಕೆ ಬಿದ್ದಾಗಲೆಲ್ಲ ಚಕ್ರ ತಾನಾಗಿ ತಿರುಗುತ್ತದೆ.

ಟೈ ರಾಡ್ ಆರ್ಮುಗಳ ಓರೆ ಗಾಡಿಯ ವೀಲ್‌ಬೇಸಿಗೆ (ಮುಂದಿನ ಮತ್ತು ಹಿಂದಿನ ಆಕ್ಸಲುಗಳ ನಡುವಿನ ದೂರಕ್ಕೆ) ತಕ್ಕಂತೆ ಇರುತ್ತದೆ. ಉದ್ದ ಗಾಡಿಯ ಆಕ್ಸಲನ್ನು ಗಿಡ್ಡ ಟಿಪ್ಪರಿಗೆ ಹಾಕಿದರೆ ನೇರ ರಸ್ತೆಯಲ್ಲಿ ಏನೂ ಗೊತ್ತಾಗದು; ತಿರುವಿನಲ್ಲಿ ಒಳಚಕ್ರ ಹೊರಚಕ್ರಗಳ ಕೋನ ಹೊಂದದೆ ಟೈರು ಉಜ್ಜುತ್ತದೆ. ಕಲ್ಲುಕೋರೆಯ ಕಿರಿದಾದ ತಿರುವುಗಳಲ್ಲೇ ದಿನ ಕಳೆಯುವ ಕೆಂಪುಕಲ್ಲಿನ ಲಾರಿಗೆ ಇದು ದೊಡ್ಡ ಖರ್ಚು. ಮುಂದೆ ಎರಡು ಸ್ಟಿಯರಿಂಗ್ ಆಕ್ಸಲ್ ಇರುವ ಗಾಡಿಗಳಲ್ಲಿ ಮೊದಲನೆಯದೂ ಎರಡನೆಯದೂ ನೋಡಲು ಒಂದೇ ತರ ಇರಬಹುದು, ಆದರೆ ಆರ್ಮುಗಳು ಬೇರೆ. ಗುಜರಿಯಲ್ಲಿ ಯಾವ ಸ್ಥಾನದ್ದು ಎಂದು ಕೇಳದೆ ತರಬೇಡಿ.

### ಬ್ರೇಕ್

ಚೇಂಬರಿನ ಮೇಲಿನ 16, 20, 24, 30 ಎಂಬ ನಂಬರು ಒಳಗಿನ ಡಯಾಫ್ರಮ್ಮಿನ ವಿಸ್ತೀರ್ಣ, ಚದರ ಇಂಚಿನಲ್ಲಿ. ಎಡಕ್ಕೆ 20, ಬಲಕ್ಕೆ 24 ಹಾಕಿದರೆ ಅದೇ ಗಾಳಿಗೆ ಬಲಗಡೆ 20 ಶೇಕಡಾ ಹೆಚ್ಚು ಒತ್ತಡ ಬಿದ್ದು, ಬ್ರೇಕ್ ಹಾಕಿದ ಕೂಡಲೇ ಗಾಡಿ ಬಲಕ್ಕೆ ಎಳೆಯುತ್ತದೆ. ಸ್ಲ್ಯಾಕ್ ಅಡ್ಜಸ್ಟರಿನ ಉದ್ದ ಬೇರೆಯಾದರೂ ಇದೇ ಕತೆ. ಎರಡೂ ಬದಿ ಗಾಡಿಯ ಮೂಲ ನಂಬರಿನದ್ದೇ ಚೇಂಬರ್, ಒಂದೇ ಉದ್ದದ, ಒಂದೇ ಬಗೆಯ ಅಡ್ಜಸ್ಟರ್ ಇರಲಿ. ಒಂದು ಕಡೆ ಆಟೋಮ್ಯಾಟಿಕ್, ಒಂದು ಕಡೆ ಕೈಯಲ್ಲಿ ತಿರುಗಿಸುವಂಥದ್ದು ಬೇಡ. ಎಸ್ ಕ್ಯಾಮ್ ಎಡ ಬಲಕ್ಕೆ ಬೇರೆ ಬೇರೆ. ಕ್ಯಾಮ್ ಹಲ್ಲುಗಳನ್ನು ಎಣಿಸಿಯೇ ಅಡ್ಜಸ್ಟರ್ ತನ್ನಿ. ಲೈನರ್ ಎರಡೂ ಬದಿಗೆ ಒಂದೇ ಕಂಪನಿಯ ಒಂದೇ ಗ್ರೇಡ್.

ಎಬಿಎಸ್ ಇರುವ ಗಾಡಿಗೆ ಎಬಿಎಸ್ ಇಲ್ಲದ ಆಕ್ಸಲ್ ಹಾಕಿ ವೈರನ್ನು ಕಟ್ಟಿಡುವುದು ಸರಿಯಲ್ಲ. ಹಬ್ಬಿನ ಹಲ್ಲುಚಕ್ರದ ಹಲ್ಲು ಎಣಿಸಿ: 80 ಮತ್ತು 100 ಎರಡೂ ಬಳಕೆಯಲ್ಲಿವೆ. ಎಣಿಕೆ ತಪ್ಪಿದರೆ ಮುಂದಿನ ಚಕ್ರದ ವೇಗವನ್ನು ಯಂತ್ರ ತಪ್ಪಾಗಿ ಓದುತ್ತದೆ. ಸೆನ್ಸರನ್ನು ಹಲ್ಲುಚಕ್ರಕ್ಕೆ ತಾಗುವ ತನಕ ಕೈಯಲ್ಲಿ ಒತ್ತಿ. ಹಬ್ ತಿರುಗಿದಾಗ ಅದು ಬೇಕಾದಷ್ಟು ತಾನೇ ಹಿಂದೆ ಸರಿಯುತ್ತದೆ. ಸುತ್ತಿಗೆ ಬೇಡ.

### ಚಕ್ರ

ಸ್ಟಡ್ ವೃತ್ತ ಬೇರೆಯಾದರೆ ರಿಮ್ಮಿನ ತೂತು ಉದ್ದ ಮಾಡುವ ಕೆಲಸ ಯಾವತ್ತೂ ಬೇಡ. ವೃತ್ತ ಒಂದೇ ಇದ್ದು ನಟ್ಟು ಬೇರೆ ಇದ್ದರೂ ಎಚ್ಚರ: ಕೋನ್ ತರದ ನಟ್ಟಿಗೆ ಕೋನ್ ತೂತಿನ ರಿಮ್ಮೇ ಬೇಕು, ಚಪ್ಪಟೆ ವಾಶರಿನ ನಟ್ಟಿಗೆ ಹಬ್ಬಿನ ಉಬ್ಬಿನ ಮೇಲೆ ಬಿಗಿಯಾಗಿ ಕೂರುವ ರಿಮ್ ಬೇಕು. ಕೆಲವು ಹಳೆಯ ಗಾಡಿಗಳಲ್ಲಿ ಎಡಗಡೆಯ ಸ್ಟಡ್ ಎಡಹಲ್ಲಿನದ್ದು; ತಿಳಿಯದೆ ಪೈಪ್ ಹಾಕಿ ಎಳೆದರೆ ಸ್ಟಡ್ಡೇ ತುಂಡಾಗುತ್ತದೆ.

## ಹಂತ 4: ಹಳೆಯದನ್ನು ಇಳಿಸುವುದು

1. ಹಿಂದಿನ ಚಕ್ರಗಳಿಗೆ ಎರಡೂ ಕಡೆ ಮರದ ಅಡ್ಡ ಕೊಡಿ. ಸ್ಟಿಯರಿಂಗ್ ನೇರ ಇಟ್ಟು, ಸ್ಟಿಯರಿಂಗ್ ಬಾಕ್ಸಿನ ಶಾಫ್ಟಿಗೂ ಬಾಕ್ಸಿನ ಮೈಗೂ ಪೇಂಟಿನಲ್ಲಿ ಗುರುತು ಹಾಕಿ.
2. ಚಾಸಿ ಎತ್ತಿ, ಮುಂದಿನ ಸ್ಪ್ರಿಂಗ್ ಬ್ರಾಕೆಟಿನ ಹಿಂದೆ ಸ್ಟ್ಯಾಂಡ್ ಕೊಡಿ. ಜ್ಯಾಕಿನ ಮೇಲೆ ನಿಂತ ಗಾಡಿಯ ಅಡಿಗೆ ಹೋಗಬೇಡಿ.
3. ಟ್ಯಾಂಕಿನ ಗಾಳಿ ಬಿಟ್ಟು ಹೋಸ್ ಬಿಚ್ಚಿ, ಬಾಯಿಗೆ ಬಟ್ಟೆ ಕಟ್ಟಿ. ಎಬಿಎಸ್ ಕನೆಕ್ಟರ್ ಬಿಡಿಸಿ.
4. ಡ್ರ್ಯಾಗ್ ಲಿಂಕ್ ಬಿಡಿಸಲು ಆರ್ಮಿನ ಎರಡೂ ಬದಿಗೆ ಏಕಕಾಲಕ್ಕೆ ಸುತ್ತಿಗೆ ಕೊಡಿ ಅಥವಾ ಪುಲ್ಲರ್ ಹಾಕಿ. ಹಲ್ಲಿನ ತುದಿಗೆ ಹೊಡೆಯಬೇಡಿ.
5. ಆಕ್ಸಲಿನ ಅಡಿಗೆ ಟ್ರಾಲಿ ಜ್ಯಾಕ್ ಕೊಟ್ಟ ಮೇಲೆಯೇ ಶಾಕ್ ಅಬ್ಸಾರ್ಬರ್, ಯು ಬೋಲ್ಟ್ ಬಿಚ್ಚಿ. ಯು ಬೋಲ್ಟ್ ಕಟ್ಟರಿನಲ್ಲಿ ಕತ್ತರಿಸುವಾಗ ಜ್ವಾಲೆ ಸ್ಪ್ರಿಂಗ್ ಪ್ಲೇಟಿಗೆ ತಾಗಬಾರದು.

## ಹಂತ 5: ಕಿಂಗ್ ಪಿನ್ ಮತ್ತು ಹಬ್

ಆಕ್ಸಲ್ ನೆಲದಲ್ಲಿರುವಾಗಲೇ ಈ ಕೆಲಸ ಮುಗಿಸಿ. ಹೊಸ ಬುಶ್ ಒತ್ತುವಾಗ ಬುಶ್ಶಿನ ಗ್ರೀಸ್ ತೂತು ನಿಪ್ಪಲಿನ ತೂತಿಗೆ ಸರಿಯಾಗಿ ಬರಬೇಕು. ಕಂಚಿನ ಬುಶ್ ಒತ್ತಿದ ಮೇಲೆ ಮೇಲಿನದು ಕೆಳಗಿನದು ಎರಡನ್ನೂ ಒಂದೇ ರೀಮರಿನಲ್ಲಿ ಒಂದೇ ನೇರಕ್ಕೆ ರೀಮ್ ಮಾಡಿಸಬೇಕು. ಬೇರೆ ಬೇರೆಯಾಗಿ ಮಾಡಿದರೆ ಪಿನ್ ಓರೆಯಾಗಿ ಸ್ಟಿಯರಿಂಗ್ ಗಟ್ಟಿಯಾಗುತ್ತದೆ. ಥ್ರಸ್ಟ್ ಬೇರಿಂಗ್ ಬೀಮಿನ ಕೆಳಗೆ, ಶಿಮ್ (ಸಂದು ತುಂಬುವ ತೆಳು ಬಿಲ್ಲೆ) ಮೇಲೆ. ಶಿಮ್ ಹಾಕಿ ಫೀಲರ್ ಗೇಜಿನಲ್ಲಿ ಸಂದು ನೋಡಿ, ನಿಮ್ಮ ಆಕ್ಸಲಿನ ಮ್ಯಾನುಯಲ್ ಹೇಳುವಷ್ಟಿರಲಿ. ಸ್ಟಬ್ ಎರಡು ಕೈಯಲ್ಲಿ ಸಲೀಸಾಗಿ ತಿರುಗಬೇಕು, ಮೇಲೆ ಕೆಳಗೆ ಆಡಬಾರದು.

ಹಬ್ ಬೇರಿಂಗ್ ನಂಬರಿನ ಕೊನೆಯ ಎರಡು ಅಂಕೆಯನ್ನು 5ರಿಂದ ಗುಣಿಸಿದರೆ ಒಳವ್ಯಾಸ: 32310 ಅಂದರೆ 50 ಎಂಎಂ, 32314 ಅಂದರೆ 70 ಎಂಎಂ. ಕಪ್ ಒಂದು ಕಂಪನಿಯದ್ದು, ಕೋನ್ ಇನ್ನೊಂದರದ್ದು ಬೇಡ. ಹಳೆಯ ಗ್ರೀಸನ್ನು ಪೂರ್ತಿ ತೊಳೆದು ಹೊಸದು ತುಂಬಿ. ಬೇರೆ ಜಾತಿಯ ಎರಡು ಗ್ರೀಸ್ ಬೆರೆತರೆ ನೀರಾಗಿ ಸೀಲಿನಿಂದ ಹೊರಬಂದು ಲೈನರಿಗೆ ಹತ್ತುತ್ತದೆ. ಹಬ್ ತಿರುಗಿಸುತ್ತಲೇ ನಟ್ಟು ಬಿಗಿದು, ಹಿಂದೆ ಬಿಟ್ಟು, ಮತ್ತೆ ಹದಕ್ಕೆ ತಂದು, ಡಯಲ್ ಗೇಜಿನಲ್ಲಿ ಹಬ್ಬಿನ ಒಳ ಹೊರ ಆಟ ನೋಡಿ. ಭಾರಿ ಲಾರಿಗೆ 0.025ರಿಂದ 0.125 ಎಂಎಂ ಒಳಗಿರಬೇಕು. ಸೊನ್ನೆ ಆದರೆ ಬೇರಿಂಗ್ ಕಾದು ಹಿಡಿಯುತ್ತದೆ.

## ಹಂತ 6: ಏರಿಸಿ ಬಿಗಿಯುವುದು

ಪ್ಯಾಡಿನ ಮೇಲೆ ಪೇಂಟು, ಗ್ರೀಸು ಇರಬಾರದು. ಸೆಂಟರ್ ಬೋಲ್ಟಿನ ತಲೆ ತೂತಿಗೆ ಪೂರ್ತಿ ಇಳಿದದ್ದನ್ನು ಕಣ್ಣಾರೆ ನೋಡಿದ ಮೇಲೆ ಹೊಸ ಯು ಬೋಲ್ಟ್, ಹೊಸ ನಟ್ಟು ಹಾಕಿ. ಹಳೆಯ ಯು ಬೋಲ್ಟ್ ಒಮ್ಮೆ ಹಿಗ್ಗಿದ್ದು, ಮತ್ತೆ ಹಿಡಿಯುವುದಿಲ್ಲ. ನಾಲ್ಕು ನಟ್ಟುಗಳನ್ನು ಎದುರುಬದುರಾಗಿ, ಮೂರು ನಾಲ್ಕು ಸುತ್ತಿನಲ್ಲಿ ಏರಿಸಿ. ಕೊನೆಯ ಬಿಗಿತ ಗಾಡಿಯ ಭಾರ ಚಕ್ರದ ಮೇಲೆ ಬಂದ ಮೇಲೆ.

ಚಕ್ರದ ಎಂ22, 1.5 ಪಿಚ್ಚಿನ ಚಪ್ಪಟೆ ವಾಶರ್ ನಟ್ಟಿಗೆ ಸಾಮಾನ್ಯವಾಗಿ 550–650 ನ್ಯೂಟನ್ ಮೀಟರ್. ಅಂದರೆ ಸುಮಾರು 60 ಕೆಜಿ ಮೀಟರ್: ಒಂದು ಮೀಟರ್ ಪೈಪಿನ ತುದಿಯಲ್ಲಿ 60 ಕಿಲೋ ಭಾರ ನಿಂತಷ್ಟು. ಎರಡು ಮೀಟರ್ ಪೈಪಿನ ಮೇಲೆ ಹತ್ತಿ ಕುಣಿದರೆ ಇದರ ಎರಡು ಮೂರು ಪಟ್ಟು ಬಿದ್ದು ಸ್ಟಡ್ ಹಿಗ್ಗುತ್ತದೆ.

ಆಕ್ಸಲ್ ಚೌಕಾಗಿದೆಯೇ ನೋಡಿ. ಚಾಸಿಯ ಎರಡೂ ಬದಿಯ ಒಂದೇ ರಿವೆಟಿನಿಂದ ಅದೇ ಬದಿಯ ಕಿಂಗ್ ಪಿನ್ ನಿಪ್ಪಲಿಗೆ ಅಳೆಯಿರಿ. 3 ಎಂಎಂಗಿಂತ ಹೆಚ್ಚು ವ್ಯತ್ಯಾಸ ಬಂದರೆ ಸೆಂಟರ್ ಬೋಲ್ಟ್ ಮತ್ತೆ ನೋಡಿ.

## ಹಂತ 7: ಸ್ಟಿಯರಿಂಗ್ ಹದ

ಮೊದಲು ಬಾಕ್ಸನ್ನು ಮಧ್ಯಕ್ಕೆ ತನ್ನಿ, ಚಕ್ರ ನೇರ ಮಾಡಿ, ಆಮೇಲೆ ಡ್ರ್ಯಾಗ್ ಲಿಂಕಿನ ಉದ್ದ ಹೊಂದಿಸಿ ಜೋಡಿಸಿ. ಸ್ಟಿಯರಿಂಗ್ ವೀಲನ್ನು ಕಳಚಿ ನೇರಕ್ಕೆ ಕೂರಿಸಿದರೆ ನೋಡಲು ಮಾತ್ರ ನೇರ. ಬಾಕ್ಸ್ ಒಂದು ಬದಿಗೆ ಬೇಗ ಕೊನೆ ಮುಟ್ಟುತ್ತದೆ.

ಪವರ್ ಸ್ಟಿಯರಿಂಗಿನಲ್ಲಿ ಸ್ಟಬ್ಬಿನ ಸ್ಟಾಪ್ ಬೋಲ್ಟ್ ಬೀಮಿಗೆ ತಾಗುವುದಕ್ಕೆ ಸ್ವಲ್ಪ ಮೊದಲು ಬಾಕ್ಸಿನ ಒತ್ತಡ ಬಿಡುಗಡೆಯಾಗಬೇಕು. ಹಾಗಾಗದಿದ್ದರೆ ಪಂಪು ಕಾಯುತ್ತದೆ, ಡ್ರ್ಯಾಗ್ ಲಿಂಕ್ ಬಗ್ಗುತ್ತದೆ. ಎರಡೂ ಬದಿ ಪೂರ್ತಿ ತಿರುಗಿಸಿ ಟೈರು ಪ್ಲೇಟಿಗೆ, ಬ್ರೇಕ್ ಹೋಸಿಗೆ ತಾಗುವುದೇ ನೋಡಿ.

ಟೋ (ಎರಡು ಚಕ್ರಗಳ ನಡುವೆ ಮುಂದುಗಡೆಗೂ ಹಿಂದುಗಡೆಗೂ ಇರುವ ಅಂತರದ ವ್ಯತ್ಯಾಸ) ನೋಡಲು ಟೈರಿನ ನಡುವೆ ಗೆರೆ ಎಳೆದು, ಹಬ್ಬಿನ ಎತ್ತರದಲ್ಲಿ ಮುಂದುಗಡೆ ಅಳೆದು ಗುರುತು ಹಾಕಿ. ಗಾಡಿಯನ್ನು ಚಕ್ರ ಅರ್ಧ ಸುತ್ತುವಷ್ಟು ಮುಂದಕ್ಕೆ ತಳ್ಳಿ, ಅದೇ ಗುರುತನ್ನು ಹಿಂದುಗಡೆ ಅಳೆಯಿರಿ. ರೇಡಿಯಲ್ ಟೈರಿಗೆ ಮುಂದುಗಡೆ ಸಾಮಾನ್ಯವಾಗಿ 0ಯಿಂದ 2 ಎಂಎಂ ಕಡಿಮೆ. ಟೈ ರಾಡಿನ ಒಂದು ತುದಿ ಎಡಹಲ್ಲು, ಒಂದು ತುದಿ ಬಲಹಲ್ಲು; ಹೊಂದಿಸಿದ ಮೇಲೆ ಎರಡೂ ಕ್ಲ್ಯಾಂಪ್ ಬಿಗಿಯಲು ಮರೆಯಬೇಡಿ.

ಕೊನೆಗೆ, ಚಕ್ರ ನೆಲದಲ್ಲಿರುವಾಗ ಸ್ಟಿಯರಿಂಗ್ ಹಿಡಿದಿಟ್ಟು ಚಾಸಿಯ ಮುಂಭಾಗವನ್ನು ಜ್ಯಾಕಿನಲ್ಲಿ 50 ಎಂಎಂ ಎತ್ತಿ ಇಳಿಸಿ. ಚಕ್ರ ಎದ್ದು ಕಾಣುವಷ್ಟು ಪಕ್ಕಕ್ಕೆ ತಿರುಗಿದರೆ ಆರ್ಮಿನ ಎತ್ತರ ತಪ್ಪಿದೆ.

## ಹಂತ 8: ರಸ್ತೆಗೆ

ಖಾಲಿ ಗಾಡಿಯಲ್ಲಿ ಸಮತಟ್ಟು ರಸ್ತೆಯಲ್ಲಿ 20 ಕಿ.ಮೀ. ವೇಗದಲ್ಲಿ ಬ್ರೇಕ್ ಹಾಕಿ ನೋಡಿ. ಬ್ರೇಕ್ ಚೇಂಬರಿನಿಂದ ಹೊರಬರುವ ಪುಶ್ ರಾಡಿನ ಓಟ 20 ಅಥವಾ 24ರ ಚೇಂಬರಿಗೆ 44 ಎಂಎಂ, 30ಕ್ಕೆ 51 ಎಂಎಂ ಮೀರಬಾರದು. ಆಮೇಲೆ ಮಂಗಳೂರಿನಿಂದ ಉಡುಪಿಗೆ ಹೆದ್ದಾರಿಯಲ್ಲಿ ಒಮ್ಮೆ ಖಾಲಿ ಹೋಗಿಬನ್ನಿ, ನೂರು ಕಿ.ಮೀ. ಆಗುತ್ತದೆ. ಬಂದ ಕೂಡಲೇ ಚಕ್ರದ ನಟ್ಟು, ಯು ಬೋಲ್ಟ್ ಮತ್ತೆ ಟಾರ್ಕ್ ಮಾಡಿ. ಮೊದಲ ಲೋಡಿನ ನಂತರ ಒಮ್ಮೆ, 500 ಕಿ.ಮೀ.ಗೆ ಇನ್ನೊಮ್ಮೆ. ಇದು ಮುಗಿಯುವ ಮೊದಲು ಲೋಡ್ ಹಾಕಿ ಶಿರಾಡಿ ಘಾಟಿ ಹತ್ತಬೇಡಿ, ಇಳಿಯುವುದಂತೂ ಬೇಡ.

## ಗಾಡಿ ನಿಲ್ಲಿಸಬೇಕಾದ ಸೂಚನೆಗಳು

- ಬ್ರೇಕ್ ಹಾಕಿದಾಗ ಮಾತ್ರ ಒಂದು ಬದಿಗೆ ಎಳೆಯುವುದು: ಚೇಂಬರ್, ಅಡ್ಜಸ್ಟರ್, ಲೈನರ್ ಎರಡು ಬದಿ ಬೇರೆ, ಅಥವಾ ಲೈನರಿಗೆ ಗ್ರೀಸ್.
- ಬ್ರೇಕ್ ಇಲ್ಲದೆಯೂ ಎಳೆಯುವುದು: ಎರಡು ಬದಿಯ ಕ್ಯಾಸ್ಟರ್ ಬೇರೆ, ಇಲ್ಲವೇ ಆಕ್ಸಲ್ ಚೌಕಾಗಿಲ್ಲ.
- ತಿರುವು ಮುಗಿದ ಮೇಲೆ ಸ್ಟಿಯರಿಂಗ್ ತಾನಾಗಿ ವಾಪಸು ಬಾರದಿರುವುದು: ಕಿಂಗ್ ಪಿನ್ ಬಿಗಿ, ಅಥವಾ ವೆಜ್ ಉಲ್ಟಾ.
- ತಿರುವಿನಲ್ಲಿ ಮಾತ್ರ ಟೈರು ಕಿರುಚುವುದು: ಟೈ ರಾಡ್ ಆರ್ಮ್ ಬೇರೆ ವೀಲ್‌ಬೇಸಿನದ್ದು.
- ಹತ್ತು ಕಿ.ಮೀ. ಬ್ರೇಕ್ ಹೆಚ್ಚು ಬಳಸದೆ ಓಡಿಸಿದರೂ ಒಂದು ಹಬ್ ಮುಟ್ಟಲಾರದಷ್ಟು ಬಿಸಿ: ಬೇರಿಂಗ್ ಬಿಗಿ ಅಥವಾ ಬ್ರೇಕ್ ಹಿಡಿದಿದೆ.
- ಯು ಬೋಲ್ಟಿನ ಬುಡದಲ್ಲಿ, ಚಕ್ರದ ನಟ್ಟಿನ ಸುತ್ತ ಕೆಂಪು ತುಕ್ಕಿನ ಪುಡಿ: ಲೋಹ ಲೋಹಕ್ಕೆ ತಿಕ್ಕುತ್ತಿದೆ, ಬಿಗಿತ ಹೋಗಿದೆ. ಅಲ್ಲೇ ನಿಲ್ಲಿಸಿ.